ಕನ್ನಡ ಬ್ಲಾಗಿನ ಜಾಹೀರಾತು ಆದಾಯ ಜಾಸ್ತಿ ಮಾಡುವುದು ಹೇಗೆ? ಉಡುಪಿಯಿಂದ ಕೆಲವು ಅನುಭವದ ಮಾತು

ಬ್ಲಾಗಿನ ಜಾಹೀರಾತಿನಿಂದ ಬರುವ ಹಣ ಸಾಲುತ್ತಿಲ್ಲ ಅಂತಾದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಇನ್ನೆರಡು ಜಾಹೀರಾತು ಸೇರಿಸುವುದು. ಅದನ್ನು ಕೊನೆಗೆ ಇಡಿ. ನಿಮ್ಮ ಯಾವ ಪುಟವನ್ನು ಯಾರು, ಎಲ್ಲಿ ಕೂತು, ಯಾಕೆ ಓದುತ್ತಿದ್ದಾರೆ ಅಂತ ಮೊದಲು ನೋಡಿ. ಹಣ ಏರುವುದು ಇಳಿಯುವುದು ಎಲ್ಲ ಅದರ ಮೇಲೆಯೇ.

ನಾನು ಉಡುಪಿಯ ಕಡಿಯಾಳಿಯಲ್ಲಿ ಇರುವವಳು. ಕರಾವಳಿಯ ಅಡುಗೆ, ಹಬ್ಬ, ಇಲ್ಲಿನ ತಿರುಗಾಟದ ಬಗ್ಗೆ ಕನ್ನಡದಲ್ಲಿ ಬರೆಯುತ್ತೇನೆ. ಆ ಬರವಣಿಗೆಯ ಜಾಹೀರಾತು ಹಣದಲ್ಲಿ ಮನೆಯ ಕರೆಂಟ್ ಬಿಲ್ಲು, ಇಂಟರ್ನೆಟ್ಟು, ಮಗಳ ಕಾಲೇಜಿನ ಬಸ್ ಖರ್ಚು ನಡೆಯುತ್ತದೆ. ಕನ್ನಡದಲ್ಲಿ ಬರೆದರೆ ನಾಲ್ಕು ಕಾಸು ಹುಟ್ಟುವುದಿಲ್ಲ ಅಂತ ಹೇಳುವವರು ತುಂಬಾ ಜನ ಇದ್ದಾರೆ. ಹುಟ್ಟುತ್ತದೆ. ಇಂಗ್ಲಿಷಿನಷ್ಟು ಸುಲಭದಲ್ಲಿ ಅಲ್ಲ, ಅಷ್ಟೇ.

ಹಣ ಎಲ್ಲಿಂದ ಬರುತ್ತದೆ

ಹೆಚ್ಚಿನ ಕನ್ನಡ ಬ್ಲಾಗುಗಳಲ್ಲಿ ಇರುವುದು ಗೂಗಲ್‌ನ ಆಡ್‌ಸೆನ್ಸ್. ನಮ್ಮ ಪುಟಗಳಲ್ಲಿ ಜಾಹೀರಾತು ಹಾಕಿ ಅದರ ಹಣದಲ್ಲಿ ನಮಗೆ ಪಾಲು ಕೊಡುವ, 2003ರಲ್ಲಿ ಶುರುವಾದ ಈ ವ್ಯವಸ್ಥೆ ಈಗ ಕನ್ನಡ ಪುಟಗಳಿಗೂ ಸಿಗುತ್ತದೆ. ನಿಮ್ಮ ಪುಟ ಒಬ್ಬರ ಮೊಬೈಲಿನಲ್ಲಿ ತೆರೆಯುವ ಹೊತ್ತಿಗೇ ಅದರಲ್ಲಿರುವ ಖಾಲಿ ಜಾಗಕ್ಕೆ ಏಲಂ (ಹರಾಜು) ನಡೆಯುತ್ತದೆ. ಮಲ್ಪೆ ಬಂದರಿನಲ್ಲಿ ಮೀನಿನ ಏಲಂ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಅದೇ ಅಂಜಲ್ ಮೀನು, ಕೂಗುವವರು ಇಬ್ಬರೇ ಇದ್ದರೆ ಒಂದು ರೇಟು, ಹತ್ತು ಜನ ನಿಂತಿದ್ದರೆ ಬೇರೆಯೇ ರೇಟು. ನಮ್ಮ ಪುಟಕ್ಕೂ ಹಾಗೆಯೇ. ಅದನ್ನು ಓದುವವರ ಕಣ್ಣಿಗೆ ಬೀಳಬೇಕು ಅಂತ ಎಷ್ಟು ಕಂಪನಿಗಳು ಬಯಸುತ್ತವೆ ಅನ್ನುವುದರ ಮೇಲೆ ಬೆಲೆ ನಿಲ್ಲುತ್ತದೆ.

ಇನ್ನೊಂದು ವಿಷಯ ತುಂಬಾ ಜನರಿಗೆ ಇನ್ನೂ ತಲುಪಿಲ್ಲ. ಆಡ್‌ಸೆನ್ಸ್ ಹಣ ಕೊಡುವ ರೀತಿ ಬದಲಾಗಲಿದೆ ಅಂತ 2023ರ ನವೆಂಬರಿನಲ್ಲಿ ಗೂಗಲ್ ಹೇಳಿತು. 2024ರ ಆರಂಭದಲ್ಲಿ ಅದು ಜಾರಿಗೆ ಬಂತು. ಮೊದಲು ಮುಖ್ಯವಾಗಿ ಕ್ಲಿಕ್ಕಿಗೆ ಹಣ ಸಿಗುತ್ತಿತ್ತು. ಈಗ ಜಾಹೀರಾತು ತೋರಿಸಿದ್ದಕ್ಕೆ ಸಿಗುತ್ತದೆ. ಜಾಹೀರಾತು ಕೊಡುವವರ ಕಡೆಯ ವೇದಿಕೆ ತನ್ನ ಶುಲ್ಕ ಹಿಡಿದುಕೊಂಡ ಮೇಲೆ ಉಳಿದದ್ದರಲ್ಲಿ ಶೇ. 80 ನಮಗೆ. ಕಂಪನಿಗಳು ಜಾಹೀರಾತು ಕೊಡಲು ಬಳಸುವ ಗೂಗಲ್ ಆಡ್ಸ್ ಮೂಲಕ ಬಂದ ಜಾಹೀರಾತಾದರೆ ಒಟ್ಟು ಲೆಕ್ಕ ಹೆಚ್ಚುಕಡಿಮೆ ಮೊದಲಿನ ಶೇ. 68ರ ಹತ್ತಿರವೇ ಬರುತ್ತದೆ. ಹಾಗಾಗಿ ‘ಕ್ಲಿಕ್ ಬರಿಸುವುದು ಹೇಗೆ’ ಅನ್ನುವ ಹಳೆಯ ವೀಡಿಯೊಗಳನ್ನೆಲ್ಲ ಬಿಟ್ಟುಬಿಡಿ. ಜಾಹೀರಾತು ಓದುಗರ ಕಣ್ಣಿಗೆ ಸರಿಯಾಗಿ ಕಾಣುತ್ತದಾ, ಓದುಗರು ಪುಟದಲ್ಲಿ ನಿಲ್ಲುತ್ತಾರಾ ಅಂತ ನೋಡಿ. ಚಿತ್ರದ ಜಾಹೀರಾತು ‘ಕಂಡಿತು’ ಅಂತ ಈ ಉದ್ಯಮದಲ್ಲಿ ಲೆಕ್ಕ ಹಿಡಿಯುವುದು ಅದರ ಅರ್ಧ ಭಾಗವಾದರೂ ಪರದೆಯ ಮೇಲೆ 1 ಸೆಕೆಂಡು ಇದ್ದರೆ ಮಾತ್ರ.

ವರದಿಯಲ್ಲಿ ನಾನು ಹೆಚ್ಚು ನೋಡುವ ಅಂಕಿ ಆರ್‌ಪಿಎಂ. ಸಾವಿರ ಸಲ ಪುಟ ತೆರೆದರೆ ಎಷ್ಟು ಹಣ ಬಂತು ಅನ್ನುವ ಲೆಕ್ಕ ಅದು. ತಿಂಗಳಿಗೆ 20,000 ಸಲ ಪುಟಗಳು ತೆರೆದು 10 ಡಾಲರ್ ಬಂದಿದ್ದರೆ ಆರ್‌ಪಿಎಂ ಅರ್ಧ ಡಾಲರ್. ಇಡೀ ಬ್ಲಾಗಿನ ಆರ್‌ಪಿಎಂ ಒಂದೇ ನೋಡಿದರೆ ಏನೂ ತಿಳಿಯುವುದಿಲ್ಲ. ದೇಶದ ಪ್ರಕಾರ ನೋಡಿ, ಮೊಬೈಲ್ ಮತ್ತು ಕಂಪ್ಯೂಟರ್ ಬೇರೆ ಬೇರೆ ಮಾಡಿ ನೋಡಿ. ಮುಖ್ಯ ಪುಟಗಳಿಗೆ ಯುಆರ್‌ಎಲ್ ಚಾನೆಲ್ ಮಾಡಿಟ್ಟರೆ ಯಾವ ಪುಟ ದುಡಿಯುತ್ತಿದೆ ಅಂತ ಗೊತ್ತಾಗುತ್ತದೆ.

ದುಬೈಯಲ್ಲಿ ಪತ್ರೊಡೆ ಮಾಡುವವರಿಗೂ ಬರೆಯಿರಿ

ನಮ್ಮ ಜಿಲ್ಲೆಯಲ್ಲಿ ಗಲ್ಫಿನಲ್ಲಿ ಒಬ್ಬರಾದರೂ ಇಲ್ಲದ ಕುಟುಂಬ ಹುಡುಕುವುದು ಕಷ್ಟ. ಮುಂಬೈಯಲ್ಲಂತೂ ಅರ್ಧ ಬಂಧುಬಳಗವೇ ಇರುತ್ತದೆ. ನನ್ನ ಆಡ್‌ಸೆನ್ಸ್ ವರದಿಯಲ್ಲಿ ದೇಶದ ಪಟ್ಟಿ ತೆರೆದರೆ ಇದೇ ಕಾಣುತ್ತದೆ. ಭಾರತದ ಕೆಳಗೆ ಯುಎಇ, ಸೌದಿ, ಕುವೈತ್, ಅಮೆರಿಕ. ಅಲ್ಲಿಂದ ಓದುವವರು ಕಡಿಮೆ. ಆದರೆ ಅವರು ಒಂದು ಪುಟ ತೆರೆದಾಗ ಬರುವ ಹಣ ಇಲ್ಲಿನದಕ್ಕಿಂತ ಎಷ್ಟೋ ಜಾಸ್ತಿ, ಯಾಕೆಂದರೆ ಅಲ್ಲಿನ ಮಾರುಕಟ್ಟೆಯಲ್ಲಿ ಜಾಹೀರಾತಿನ ರೇಟೇ ಹೆಚ್ಚು.

ಇದು ಕರಾವಳಿಯ ಬರಹಗಾರರಿಗೆ ಸಿಕ್ಕಿರುವ ದೊಡ್ಡ ಅನುಕೂಲ. ಅದಕ್ಕಾಗಿ ವಿಷಯ ಬದಲಾಯಿಸಬೇಕಾಗಿಲ್ಲ. ಬರೆದ ಪುಟವನ್ನೇ ಅವರಿಗೆ ಉಪಯೋಗವಾಗುವ ಹಾಗೆ ಪೂರ್ತಿ ಮಾಡಬೇಕು. ನನ್ನ ಪತ್ರೊಡೆ ಪುಟದಲ್ಲಿ ಕೆಸುವಿನ ಎಲೆ ಸಿಗದ ಊರಲ್ಲಿ ಎಲೆಕೋಸಿನ ಎಲೆಯಲ್ಲಿ ಮಾಡುವ ಕ್ರಮವನ್ನೂ ಬರೆದಿದ್ದೇನೆ. ನೀರುದೋಸೆ ಪುಟದಲ್ಲಿ ಬೆಳ್ತಿಗೆ (ಕುದಿಸದ ಬಿಳಿ) ಅಕ್ಕಿ ಅಂತ ಬರೆದು ಬಿಡಲಿಲ್ಲ. ಸೋನಾ ಮಸೂರಿ ಆದರೆ ನೀರು ಎಷ್ಟು, ಎಷ್ಟು ಹೊತ್ತು ನೆನೆಸಬೇಕು ಅಂತ ಸೇರಿಸಿದ್ದೇನೆ. ಅಳತೆಯನ್ನು ಸೇರಿನಲ್ಲಿ ಹೇಳದೆ ಕಪ್ಪಿನಲ್ಲಿ ಕೊಟ್ಟಿದ್ದೇನೆ. ಶಾರ್ಜಾದ ಫ್ಲಾಟಿನಲ್ಲಿ ಅಡುಗೆ ಮಾಡುವ ಹುಡುಗಿಗೆ ಇದೆಲ್ಲ ಬೇಕು. ಅವಳು ಮತ್ತೆ ಬರುತ್ತಾಳೆ, ರೂಮಿನ ಗೆಳತಿಯರಿಗೂ ಕಳಿಸುತ್ತಾಳೆ.

ಓದುಗರ ಉದ್ದೇಶವೂ ಅಷ್ಟೇ ಮುಖ್ಯ. ಯಕ್ಷಗಾನದ ಬಗ್ಗೆ ಒಂದು ಒಳ್ಳೆಯ ಲೇಖನವನ್ನು ಜನ ಪ್ರೀತಿಯಿಂದ ಓದುತ್ತಾರೆ, ಆದರೆ ಆ ಹೊತ್ತಿನಲ್ಲಿ ಅವರು ಏನನ್ನೂ ಕೊಳ್ಳಲು ಹೊರಟಿರುವುದಿಲ್ಲ. ‘ನೀರುದೋಸೆ ಕಾವಲಿಗೆ ಅಂಟುತ್ತದೆ, ಏನು ಮಾಡಲಿ’ ಅಂತ ಹುಡುಕಿ ಬಂದವರು ಹೊಸ ಕಾವಲಿಯ ಯೋಚನೆಯಲ್ಲಿ ಇರಬಹುದು. ಅಲ್ಲಿ ಪಾತ್ರೆ, ಗ್ರೈಂಡರ್ ಕಂಪನಿಗಳು ಏಲಂಗೆ ನಿಲ್ಲುತ್ತವೆ. ‘ಮಕ್ಕಳ ಜತೆ ಉಡುಪಿಗೆ ಎರಡು ದಿನ’ ಅನ್ನುವ ಪುಟಕ್ಕೆ ಹೋಟೆಲು, ಬಸ್ಸು, ವಿಮಾನದವರು ಬರುತ್ತಾರೆ. ಹಾಗಂತ ಯಕ್ಷಗಾನದ ಬಗ್ಗೆ ಬರೆಯುವುದನ್ನು ನಿಲ್ಲಿಸಬೇಡಿ. ನಾನು ನಿಲ್ಲಿಸಿಲ್ಲ, ನಿಲ್ಲಿಸುವುದೂ ಇಲ್ಲ. ಜನ ನಮ್ಮನ್ನು ನಂಬುವುದು ಅಂಥ ಬರಹಗಳಿಂದ. ಆದರೆ ಅದರ ಜತೆಯಲ್ಲಿ ‘ಆಟ ನೋಡಲು ದೂರದಿಂದ ಬರುವವರು ಎಲ್ಲಿ ಉಳಿಯಬಹುದು, ರಾತ್ರಿ ವಾಪಸ್ ಹೋಗುವುದು ಹೇಗೆ’ ಅನ್ನುವ ಇನ್ನೊಂದು ಪುಟ ಇರಲಿ, ಎರಡಕ್ಕೂ ಕೊಂಡಿ ಇರಲಿ.

ನಮ್ಮ ಕಾಲಮಾನ ನಮಗೇ ಗೊತ್ತು

ಜಾಹೀರಾತಿನ ಹಣಕ್ಕೆ ಅದರದೇ ಆದ ಏರಿಳಿತ ಇದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕಂಪನಿಗಳು ಜಾಸ್ತಿ ಖರ್ಚು ಮಾಡುತ್ತವೆ. ದಸರಾ, ದೀಪಾವಳಿ, ಕ್ರಿಸ್ಮಸ್ ಎಲ್ಲ ಅಲ್ಲೇ ಬರುತ್ತದೆ. ಜನವರಿಯಲ್ಲಿ ರೇಟು ಕುಸಿಯುತ್ತದೆ. ಆಗ ಗಾಬರಿಯಾಗಿ ಪುಟದ ವಿನ್ಯಾಸ ಎಲ್ಲ ಬದಲಾಯಿಸಬೇಡಿ, ಅದು ಎಲ್ಲರಿಗೂ ಆಗುವಂಥದ್ದು.

ಆದರೆ ನಮ್ಮ ಕೈಯಲ್ಲಿ ಇನ್ನೊಂದು ಕ್ಯಾಲೆಂಡರ್ ಉಂಟು. ಬೆಂಗಳೂರಿನಲ್ಲಿ ಕೂತು ಬರೆಯುವವರಿಗೆ ಅದು ಅಷ್ಟು ತಿಳಿಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ತಾಜಾ ಮೀನು ಕಡಿಮೆಯಾಗುತ್ತದೆ, ಒಣಮೀನಿನ ಚಟ್ನಿ ಹುಡುಕುವವರು ಹೆಚ್ಚುತ್ತಾರೆ. ತುಳುವರ ಆಟಿ ತಿಂಗಳು (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ) ಬಂತೆಂದರೆ ಪತ್ರೊಡೆ, ತಿಮರೆ (ಒಂದೆಲಗ) ಚಟ್ನಿ, ಆಟಿ ಅಮಾವಾಸ್ಯೆಯ ಹಾಲೆ ಮರದ ಕಷಾಯ. ಆಮೇಲೆ ಕೃಷ್ಣಾಷ್ಟಮಿ, ಮರುದಿನದ ವಿಟ್ಲಪಿಂಡಿ (ಮೊಸರುಕುಡಿಕೆ), ಉಂಡೆ ಚಕ್ಕುಲಿ. ನಂತರ ಮಂಗಳೂರಿನ ಕುದ್ರೋಳಿಯ ದಸರಾ. ನವೆಂಬರ್ ಹೊತ್ತಿಗೆ ಕಂಬಳ ಮತ್ತು ಯಕ್ಷಗಾನ ಮೇಳಗಳ ತಿರುಗಾಟ ಶುರು. ಮೇ ತಿಂಗಳ ಪತ್ತನಾಜೆಗೆ ಮೇಳಗಳು ಆ ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಈ ಒಂದೊಂದು ಹೊತ್ತಿಗೂ ಒಂದೊಂದು ಪುಟ ತಯಾರಿರಬೇಕು.

ಪುಟ ತಯಾರಾಗಬೇಕಾದ್ದು ಹಬ್ಬದ ಹಿಂದಿನ ದಿನ ಅಲ್ಲ. ಗೂಗಲ್ ಅದನ್ನು ನೋಡಿ, ಅಳೆದು, ಮೇಲೆ ತರಲು ಸಮಯ ಬೇಕು. ನಾನು ಆಟಿಯ ಪುಟಗಳನ್ನು ಮೇ ತಿಂಗಳಲ್ಲೇ ತೆರೆದು ಸರಿಮಾಡುತ್ತೇನೆ. ಹಳೆಯ ಫೋಟೋ ತೆಗೆದು ಹೊಸದು ಹಾಕುತ್ತೇನೆ, ಕಳೆದ ವರ್ಷ ಓದುಗರು ಕೇಳಿದ ಪ್ರಶ್ನೆಗಳಿಗೆ ಪುಟದ ಒಳಗೇ ಉತ್ತರ ಸೇರಿಸುತ್ತೇನೆ.

ಇಲ್ಲೊಂದು ಮುಖ್ಯ ಮಾತು. ಪ್ರತಿ ಸಲ ಹೊಸ ಪುಟ ಮಾಡಬೇಡಿ. ಕೃಷ್ಣನ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉಡುಪಿ ಪರ್ಯಾಯ ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಬರುತ್ತದೆ. 2024ರಲ್ಲಿ ಪುತ್ತಿಗೆ ಮಠದ ಸರದಿ ಇತ್ತು. ಎಂಟು ಮಠಗಳ ಸುತ್ತು ಮುಗಿಯಲು 16 ವರ್ಷ. ಒಂದೊಂದು ಪರ್ಯಾಯಕ್ಕೂ ಒಂದೊಂದು ಪುಟ ಮಾಡಿದರೆ ಎಲ್ಲವೂ ದುರ್ಬಲವಾಗಿ ಉಳಿಯುತ್ತವೆ. ವಿಳಾಸದಲ್ಲಿ ವರ್ಷ ಹಾಕದೆ ಒಂದೇ ಪುಟ ಇಟ್ಟುಕೊಂಡು ಮೆರವಣಿಗೆ ದಾರಿ, ವಾಹನ ನಿಲ್ಲಿಸುವ ಜಾಗ, ಆ ಸಲದ ಮಠದ ವಿವರ ಬದಲಾಯಿಸುತ್ತಾ ಹೋಗಿ. ಹಳೆಯ ಕೊಂಡಿಗಳ ಬಲ ಎಲ್ಲ ಒಂದೇ ಕಡೆ ಉಳಿಯುತ್ತದೆ.

ಸೈಂಟ್ ಮೇರಿಸ್ ದ್ವೀಪದ ಪುಟವೂ ಹೀಗೆಯೇ. ಮಳೆಗಾಲದಲ್ಲಿ ಪ್ರವಾಸಿಗಳ ದೋಣಿ ನಿಲ್ಲುತ್ತದೆ. ‘ದೋಣಿ ಶುರುವಾಯ್ತಾ’ ಅನ್ನುವುದೇ ಜನರ ಪ್ರಶ್ನೆ. ಮಲ್ಪೆಗೆ ಹೋಗಿ ವಿಚಾರಿಸಿ, ಪುಟದ ಮೊದಲ ಸಾಲಿನಲ್ಲೇ ತಾರೀಕು ಸಮೇತ ಉತ್ತರ ಬರೆಯುವುದು ನನ್ನ ರೂಢಿ. ಹಾಸನದಿಂದ, ದಾವಣಗೆರೆಯಿಂದ ಕಾರು ಹತ್ತುವ ಮೊದಲು ಅದನ್ನೇ ನೋಡಿ ಹೊರಟೆವು ಅಂತ ಜನ ಹೇಳಿದಾಗ ತುಂಬಾ ಖುಷಿಯಾಗುತ್ತದೆ. ಹೋಟೆಲ್ ಜಾಹೀರಾತು ಬರುವುದರಿಂದ ಆ ಪುಟದ ಆರ್‌ಪಿಎಂ ಕೂಡ ಚೆನ್ನಾಗಿದೆ.

ಜನ ಹುಡುಕುವ ಹಾಗೆ ಹೆಸರಿಡಿ

ಕನ್ನಡಿಗರಲ್ಲಿ ತುಂಬಾ ಜನ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ ಟೈಪ್ ಮಾಡಿ ಹುಡುಕುತ್ತಾರೆ. ಗೂಗಲ್‌ನ ಸರ್ಚ್ ಕನ್ಸೋಲ್ ತೆರೆದರೆ ಅವರು ಬರೆದ ಸಾಲುಗಳು ಹಾಗೇ ಸಿಗುತ್ತವೆ. ಅದು ಉಚಿತ, ಬ್ಲಾಗ್ ಇರುವ ಪ್ರತಿಯೊಬ್ಬರೂ ಜೋಡಿಸಿಕೊಳ್ಳಬೇಕು. ಅದರಲ್ಲಿ ಎರಡು ತರಹದ ಪುಟ ಹುಡುಕಿ. ಜನರ ಕಣ್ಣಿಗೆ ತುಂಬಾ ಸಲ ಬಿದ್ದರೂ ಯಾರೂ ಒತ್ತದ ಪುಟ ಒಂದು. ಅದರ ಶೀರ್ಷಿಕೆ ಸರಿಯಿಲ್ಲ ಅಂತ ಅರ್ಥ. ಹುಡುಕಾಟದ ಪಟ್ಟಿಯಲ್ಲಿ ಎಂಟರಿಂದ ಇಪ್ಪತ್ತನೇ ಸ್ಥಾನದಲ್ಲಿ ಸಿಕ್ಕಿಹಾಕಿಕೊಂಡ ಪುಟ ಇನ್ನೊಂದು. ಅದಕ್ಕೆ ಸ್ವಲ್ಪ ಹೆಚ್ಚು ವಿವರ, ಒಂದೆರಡು ಒಳ್ಳೆಯ ಫೋಟೋ, ನಿಮ್ಮದೇ ಬೇರೆ ಪುಟಗಳಿಂದ ಕೊಂಡಿ ಕೊಟ್ಟರೆ ಮೇಲೆ ಬರುವ ಸಾಧ್ಯತೆ ಇದೆ. ಹೊಸದು ಬರೆಯುವುದಕ್ಕಿಂತ ಇದರಲ್ಲಿ ಬೇಗ ಫಲ ಸಿಗುತ್ತದೆ.

ಪುಟದ ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ ಇರಲಿ. ಕನ್ನಡ ಅಕ್ಷರದ ವಿಳಾಸವನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಶೇಕಡಾ ಚಿಹ್ನೆಗಳ ಉದ್ದ ಸರಮಾಲೆ ಆಗಿಬಿಡುತ್ತದೆ. ನೋಡಿದವರಿಗೆ ಏನೋ ಮೋಸದ ಲಿಂಕ್ ಅಂತ ಸಂಶಯ ಬರುತ್ತದೆ. ಗೂಗಲ್‌ನ ಬ್ಲಾಗ್ ವೇದಿಕೆಯಾದ ಬ್ಲಾಗರ್‌ನಲ್ಲಿ ಶೀರ್ಷಿಕೆ ಕನ್ನಡದಲ್ಲಿದ್ದರೆ ಅದು ತಾನಾಗಿ ಕೊಡುವ ವಿಳಾಸದಲ್ಲಿ ಅರ್ಥವೇ ಇರುವುದಿಲ್ಲ. ಪ್ರಕಟಿಸುವ ಮೊದಲು ಪರ್ಮಾಲಿಂಕ್ (ಪುಟದ ಕಾಯಂ ವಿಳಾಸ) ನೀವೇ ಬರೆಯಿರಿ.

ಇಂಗ್ಲಿಷ್ ಅಡುಗೆ ಪುಟಗಳನ್ನು ಯಂತ್ರದಲ್ಲಿ ಅನುವಾದ ಮಾಡಿ ರಾಶಿ ಹಾಕುವವರು ಈಗ ಜಾಸ್ತಿಯಾಗಿದ್ದಾರೆ. 2024ರ ಮಾರ್ಚ್‌ನಲ್ಲಿ ಗೂಗಲ್ ಇಂಥ ರಾಶಿ ಪುಟಗಳ ವಿರುದ್ಧ ನಿಯಮ ಬಿಗಿ ಮಾಡಿತು. ನಿಯಮದ ಮಾತು ಬಿಡಿ, ಕೋರಿ ರೊಟ್ಟಿಯ ಗಸಿಗೆ ಯಾವ ಮೆಣಸು ಎಷ್ಟು ಹುರಿಯಬೇಕು ಅಂತ ಒಲೆಯ ಮುಂದೆ ನಿಂತವರು ಹೇಳಿದರೇ ಚಂದ.

ಜಾಹೀರಾತು ಎಲ್ಲಿಡಬೇಕು

ನಮ್ಮ ಓದುಗರಲ್ಲಿ ಹೆಚ್ಚಿನವರು ಮೊಬೈಲಿನವರು. ಹಾಗಾಗಿ ನಿಮ್ಮ ಪುಟವನ್ನು ನೀವೂ ಸಾಧಾರಣ ಬೆಲೆಯ ಮೊಬೈಲಿನಲ್ಲಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಮೊದಲ ಪರದೆಯಲ್ಲಿ ಶೀರ್ಷಿಕೆ, ಒಂದೆರಡು ಸಾಲು ಬರಹ ಕಾಣಬೇಕು. ಮೊದಲ ಪ್ಯಾರಾದ ಕೆಳಗೆ ಒಂದು ಜಾಹೀರಾತು, ಸಾಮಗ್ರಿ ಪಟ್ಟಿ ಮುಗಿದ ಮೇಲೆ ಒಂದು, ಕೊನೆಯಲ್ಲಿ ಒಂದು. ಅಡುಗೆ ಮಾಡುವ ಕ್ರಮದ ನಡುವೆ ನಾನು ಇಡುವುದಿಲ್ಲ. ಕೈಯೆಲ್ಲ ಹಿಟ್ಟಾಗಿರುವಾಗ ಜಾಹೀರಾತು ದಾಟಿ ಮುಂದಿನ ಹೆಜ್ಜೆ ಹುಡುಕುವ ಕಷ್ಟ ಯಾರಿಗೂ ಬೇಡ. ಮೊಬೈಲಿಗೆ 300 x 250 ಪಿಕ್ಸೆಲ್ ಅಳತೆ ಚೆನ್ನಾಗಿ ಹೊಂದುತ್ತದೆ, ಆ ಅಳತೆಗೆ ಜಾಹೀರಾತುಗಳೂ ಧಾರಾಳ ಸಿಗುತ್ತವೆ. ಪರದೆಯ ಕೆಳಗೆ ಅಂಟಿಕೊಂಡಿರುವ ಆಂಕರ್ ಜಾಹೀರಾತು ಒಂದಿದ್ದರೆ ತೊಂದರೆ ಇಲ್ಲ, ಸಂಪಾದನೆಯೂ ಇದೆ. ಪುಟದಿಂದ ಪುಟಕ್ಕೆ ಹೋಗುವಾಗ ಇಡೀ ಪರದೆ ಮುಚ್ಚುವ ಜಾಹೀರಾತನ್ನು ನಾನು ತೆಗೆದುಹಾಕಿದ್ದೇನೆ. ವಯಸ್ಸಾದ ಓದುಗರಿಗೆ ಅದನ್ನು ಮುಚ್ಚುವುದು ಹೇಗೆ ಅಂತ ಗೊತ್ತಾಗುವುದಿಲ್ಲ.

ಜಾಹೀರಾತು ತಡವಾಗಿ ಬಂದು ಬರಹವನ್ನು ಕೆಳಗೆ ತಳ್ಳಿದರೆ ಓದುವವರಿಗೆ ರೇಗುತ್ತದೆ. ಅದಕ್ಕೆ ಬೇಕಾದಷ್ಟು ಎತ್ತರದ ಜಾಗವನ್ನು ಮೊದಲೇ ಖಾಲಿ ಇಡಿ. ಫೋಟೋಗಳನ್ನು ವೆಬ್‌ಪಿ ರೂಪಕ್ಕೆ ತಂದು ಚಿಕ್ಕದು ಮಾಡಿ. ಮುಖ್ಯ ಭಾಗ 2.5 ಸೆಕೆಂಡಿನ ಒಳಗೆ ಕಾಣಬೇಕು ಅನ್ನುವುದು ಗೂಗಲ್ ಇಟ್ಟಿರುವ ಗುರಿ.

ಬದಲಾವಣೆ ಮಾಡುವಾಗ ಒಂದೊಂದೇ ಮಾಡಿ, ಕೆಲವು ವಾರ ಬಿಟ್ಟು ನೋಡಿ. ಆಡ್‌ಸೆನ್ಸ್ ಒಳಗೇ ಎಕ್ಸ್‌ಪೆರಿಮೆಂಟ್ಸ್ ಅನ್ನುವ ವ್ಯವಸ್ಥೆ ಇದೆ, ಅರ್ಧ ಓದುಗರಿಗೆ ಹಳೆಯದು, ಅರ್ಧ ಓದುಗರಿಗೆ ಹೊಸದು ತೋರಿಸಿ ಹೋಲಿಸಬಹುದು. ಹಬ್ಬದ ವಾರದಲ್ಲಿ ಪರೀಕ್ಷೆ ಬೇಡ, ಲೆಕ್ಕ ದಾರಿ ತಪ್ಪುತ್ತದೆ.

ಯಾವ ಬಗೆಯ ಜಾಹೀರಾತು ಬೇಡ ಅಂತ ತಡೆಯುವ ಅವಕಾಶವೂ ಉಂಟು. ಜಾಸ್ತಿ ತಡೆದಷ್ಟು ಏಲಂ ಕೂಗುವವರು ಕಡಿಮೆಯಾಗಿ ಹಣ ಇಳಿಯುತ್ತದೆ. ಆದರೂ ಡೇಟಿಂಗ್ ಮತ್ತು ‘ಬೇಗ ಶ್ರೀಮಂತರಾಗಿ’ ಅನ್ನುವ ಬಗೆಯವನ್ನು ನಾನು ತಡೆದಿದ್ದೇನೆ. ಕೃಷ್ಣ ಮಠದ ಊಟದ ಬಗ್ಗೆ ಓದುತ್ತಿರುವ ಅಜ್ಜಿಗೆ ಅದನ್ನು ತೋರಿಸಿ ಬರುವ ಹಣ ನನಗೆ ಬೇಡ.

ನಿಮ್ಮ ಜಾಹೀರಾತನ್ನು ನೀವೇ ಒತ್ತುವುದು, ಮನೆಯವರಿಂದ ಒತ್ತಿಸುವುದು, ವಾಟ್ಸಾಪ್ ಗುಂಪಿನಲ್ಲಿ ‘ಒಂದು ಕ್ಲಿಕ್ ಮಾಡಿ ಮಾರಾಯ್ರೆ’ ಅಂತ ಕೇಳುವುದು ಖಂಡಿತ ಬೇಡ. ಖಾತೆಯೇ ಮುಚ್ಚಿಹೋಗಬಹುದು.

ಹಣ ಕೈಗೆ ಬರುವ ದಾರಿ

ಇದನ್ನು ಬೇಗ ಹೇಳುತ್ತೇನೆ. ಗಳಿಕೆ 10 ಡಾಲರ್ ತಲುಪಿದಾಗ ವಿಳಾಸ ಖಚಿತಪಡಿಸಲು ಪಿನ್ ಇರುವ ಕಾಗದ ಅಂಚೆಯಲ್ಲಿ ಬರುತ್ತದೆ. ನಾಲ್ಕು ತಿಂಗಳ ಒಳಗೆ ಆ ಪಿನ್ ಹಾಕದಿದ್ದರೆ ಜಾಹೀರಾತು ನಿಲ್ಲುತ್ತದೆ. ವಿಳಾಸದಲ್ಲಿ ಮನೆಯ ಹೆಸರು, ಅಂಚೆ, ಪಿನ್‌ಕೋಡ್ ಸರಿಯಾಗಿರಲಿ, ಪೋಸ್ಟ್‌ಮ್ಯಾನ್ ಅಣ್ಣನಿಗೂ ಒಂದು ಮಾತು ಹೇಳಿಡಿ. ಆಡ್‌ಸೆನ್ಸ್ ಖಾತೆಯಲ್ಲಿ ಇರುವ ಹೆಸರು ಮತ್ತು ಬ್ಯಾಂಕ್ ಖಾತೆಯಲ್ಲಿ ಇರುವ ಹೆಸರು ಒಂದೇ ಇರಬೇಕು. ಬಾಕಿ 100 ಡಾಲರ್ ದಾಟಿದರೆ ಮುಂದಿನ ತಿಂಗಳ 21ರಿಂದ 26ರ ನಡುವೆ ಹಣ ಹೊರಡುತ್ತದೆ. ವಿದೇಶದಿಂದ ಬರುವ ಹಣವಾದ್ದರಿಂದ ನಿಮ್ಮ ಬ್ಯಾಂಕಿನ ಸ್ವಿಫ್ಟ್ ಕೋಡ್ (ವಿದೇಶದ ಹಣಕ್ಕೆ ಬ್ಯಾಂಕನ್ನು ಗುರುತಿಸುವ ಸಂಕೇತ) ಬೇಕು. ಯಾವ ಉದ್ದೇಶದ ಹಣ ಅಂತ ಬ್ಯಾಂಕಿನವರು ಕೇಳಬಹುದು, ಜಾಹೀರಾತು ಆದಾಯ ಅಂತ ಸ್ಪಷ್ಟವಾಗಿ ಹೇಳಿ. ಇದು ತೆರಿಗೆಗೆ ಸೇರುವ ಆದಾಯ. ಬಂದ ಹಣ, ಇಂಟರ್ನೆಟ್ಟು, ಡೊಮೇನಿನ ಖರ್ಚು ಎಲ್ಲ ಬರೆದಿಟ್ಟು ಒಬ್ಬ ಸಿ.ಎ. ಹತ್ತಿರ ತೋರಿಸಿ.

ಊರಿನ ಜಾಹೀರಾತು

ಕನ್ನಡ ಬ್ಲಾಗಿಗೆ ನಿಜವಾದ ಬಲ ಇಲ್ಲಿದೆ ಅಂತ ನನ್ನ ನಂಬಿಕೆ. ಆಡ್‌ಸೆನ್ಸ್ ಏಲಂಗೆ ಬಾರದ ಎಷ್ಟೋ ವ್ಯಾಪಾರ ನಮ್ಮ ಸುತ್ತ ಇದೆ. ಹಲಸಿನ ಹಪ್ಪಳ ಮಾಡುವವರು, ಗಾಣದ ತೆಂಗಿನೆಣ್ಣೆಯವರು, ಕಾಪುವಿನ ಹೋಮ್‌ಸ್ಟೇಯವರು, ಉಡುಪಿ ಸೀರೆ ಮಾರುವವರು, ಮದುವೆ ಅಡುಗೆಯವರು. ಇವರಿಗೆ ಬೇಕಾದ ಓದುಗರು ನಿಮ್ಮ ಹತ್ತಿರವೇ ಇದ್ದಾರೆ.

ಹೋಗಿ ಮಾತಾಡಬೇಕು. ಹಿರಿಯಡ್ಕ ಕಡೆಯ ಹಪ್ಪಳದ ಅಕ್ಕ ಒಬ್ಬರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಅದರಲ್ಲಿ ಹಾಕಿದ್ರೆ ಯಾರು ನೋಡ್ತಾರೆ?” ನಾನು ಮೊಬೈಲ್ ತೆಗೆದು ಹಪ್ಪಳದ ಪುಟವನ್ನು ಎಷ್ಟು ಜನ ಓದುತ್ತಾರೆ, ಅದರಲ್ಲಿ ಮುಂಬೈಯವರು, ಬೆಂಗಳೂರಿನವರು ಎಷ್ಟು ಅಂತ ತೋರಿಸಿದೆ. “ಬೊಂಬಾಯಿಗೆ ಕೊರಿಯರ್ ಮಾಡ್ತೇನೆ ನಾನು” ಅಂದರು. ಮಾತು ಮುಗಿಯಿತು. ಅಂಕಿ ಅಂಶಗಳ ದೊಡ್ಡ ಪಟ್ಟಿ ತೋರಿಸಬೇಡಿ. ಅವರ ಸರಕಿಗೆ ಸಂಬಂಧಪಟ್ಟ ಒಂದೇ ಪುಟದ ಲೆಕ್ಕ ಸಾಕು.

ರೇಟು ತಿಂಗಳಿಗೆ ಇಷ್ಟು ಅಂತ ಇಡಿ, ಕ್ಲಿಕ್ಕಿನ ಲೆಕ್ಕ ಬೇಡ. ಆ ಪುಟದಲ್ಲಿ ಆಡ್‌ಸೆನ್ಸಿನಿಂದ ತಿಂಗಳಿಗೆ ಎಷ್ಟು ಬರುತ್ತದೆ ನೋಡಿಕೊಂಡು ಅದಕ್ಕಿಂತ ಚೆನ್ನಾಗಿರುವ ಒಂದು ಮೊತ್ತ ಕೇಳಿ. ಮೊದಲ ತಿಂಗಳು ಕಡಿಮೆ ಮಾಡಿ ಕೊಡಿ. ಹಣ ಮುಂಗಡ, ಯುಪಿಐ ಮೂಲಕ. ರಶೀದಿ ಕೊಡಿ. ಚಿತ್ರದ ಮೇಲೆ ‘ಜಾಹೀರಾತು’ ಅಂತ ಕಾಣುವ ಹಾಗೆ ಬರೆಯಿರಿ. ಅವರ ಲಿಂಕಿಗೆ ‘ಸ್ಪಾನ್ಸರ್ಡ್’ (ಹಣ ಪಡೆದು ಹಾಕಿದ ಲಿಂಕ್) ಅನ್ನುವ ಗುರುತು ಹಾಕಿ, 2019ರಲ್ಲಿ ಗೂಗಲ್ ತಂದ ಗುರುತು ಅದು. ನೀವು ತಿಂದು ನೋಡದ ಹಪ್ಪಳ, ಒಳಗೆ ಕಾಲಿಡದ ಹೋಮ್‌ಸ್ಟೇ ಬೇಡ.

ಸ್ವಲ್ಪ ಹೆಸರಾದರೆ ಇಮೇಲಿನಲ್ಲಿ ಬೇರೆ ತರಹದ ಜಾಹೀರಾತುದಾರರೂ ಬರುತ್ತಾರೆ. ‘ನಾವೇ ಲೇಖನ ಬರೆದು ಕೊಡುತ್ತೇವೆ, ಒಂದು ಲಿಂಕ್ ಇಟ್ಟರೆ ಇಷ್ಟು ಡಾಲರ್’ ಅನ್ನುತ್ತಾರೆ. ಒಳಗೆ ನೋಡಿದರೆ ಬೆಟ್ಟಿಂಗ್ ಆಪ್. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತನ್ನು 2025ರ ಕಾನೂನು ನಿಷೇಧಿಸಿದೆ. ಗುಟ್ಟಾಗಿ ಲಿಂಕ್ ಮಾರುವುದನ್ನು ಗೂಗಲ್ ಕೂಡ ಸ್ಪ್ಯಾಮ್ ಅಂತಲೇ ನೋಡುತ್ತದೆ. ಅಂಥ ಇಮೇಲಿಗೆ ನಾನು ಉತ್ತರವನ್ನೇ ಬರೆಯುವುದಿಲ್ಲ.

ಊರಿನವರ ಹತ್ತಿರ ಮಾತಾಡಲು ಹೊತ್ತು ನೋಡಿ ಹೋಗಿ. ಹಪ್ಪಳದವರಿಗೆ ಏಪ್ರಿಲ್, ಮೇ ಬಿಸಿಲಿನಲ್ಲಿ ಉಸಿರಾಡಲು ಪುರುಸೊತ್ತಿಲ್ಲ, ಮಾರಾಟ ಇರುವುದು ಮಳೆ ಹಿಡಿದ ಮೇಲೆ. ಹಾಗಾಗಿ ಮಾರ್ಚಿನಲ್ಲೇ ಮಾತು ಮುಗಿಸಿ, ಜೂನ್ ಒಂದರಿಂದ ಜಾಹೀರಾತು ಅಂತ ಗೊತ್ತು ಮಾಡಿಕೊಳ್ಳಿ. ಹೋಮ್‌ಸ್ಟೇಯವರ ಹತ್ತಿರ ಆಗಸ್ಟಿನಲ್ಲಿ ಹೋಗಿ, ದಸರಾ ರಜೆಯ ಬುಕಿಂಗ್ ಶುರುವಾಗುವ ಮೊದಲು. ಅಡುಗೆಯವರನ್ನು ಆಟಿಯಲ್ಲಿ ಕಾಣಿ, ಆಗ ಮದುವೆಗಳಿಲ್ಲದೆ ಅವರಿಗೆ ಕೂತು ಮಾತಾಡಲು ಬಿಡುವಿರುತ್ತದೆ.